ಹಿಂದಿನ ಸಾಲಿನ ಸೀಟು

ರಾಜರ ವಂಶಾವಳಿಯನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವುದು ಸಮಾಜ ಪಾಠ ಹೇಳುವವರ ಹಳೆಯ ಕಸುಬು. ಯಾರ ನಂತರ ಯಾರು ಪಟ್ಟಕ್ಕೆ ಬಂದರು, ಯಾರ ಕಾಲದಲ್ಲಿ ಯಾವ ಕೆರೆ ಕಟ್ಟಿಸಿದರು ಎಂಬುದನ್ನು ಮಕ್ಕಳು ಒಂದೇ ಉಸಿರಿಗೆ ಒಪ್ಪಿಸಿಬಿಡುತ್ತಾರೆ. ನಾವು ದಿನವೂ ಬಳಸುವ ವಸ್ತುಗಳಿಗೂ ಇಂಥದೇ ವಂಶಾವಳಿ ಉಂಟು. ಅದನ್ನು ಬರೆದಿಡುವವರು ಕಡಿಮೆ. ಒರಳುಕಲ್ಲಿನ ನಂತರ ಗ್ರೈಂಡರು ಬಂತು, ಸೌದೆ ಒಲೆಯ ನಂತರ ಸೀಮೆಎಣ್ಣೆ ಸ್ಟೋವು, ಅದರ ನಂತರ ಗ್ಯಾಸು. ಪ್ರತಿಯೊಂದು ಪಟ್ಟಾಭಿಷೇಕದಲ್ಲೂ ಮನೆಯ ಹೆಂಗಸರ ಬೆನ್ನು, ರಟ್ಟೆ, ಕಣ್ಣುಗಳ ಕಥೆ ಅಡಗಿದೆ.

ಅಂಥದೇ ಒಂದು ವಂಶ ನಮ್ಮ ರಸ್ತೆಗಳ ಮೇಲೂ ಬೆಳೆದಿದೆ. ಕ್ವಾಲಿಸ್, ಇನ್ನೋವಾ, ಇನ್ನೋವಾ ಕ್ರಿಸ್ಟಾ, ಇನ್ನೋವಾ ಹೈಕ್ರಾಸ್ – ಹೀಗೆ ನಾಲ್ಕು ತಲೆಮಾರು. ಇವು ಹುಟ್ಟಿದ್ದು ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯಲ್ಲಿ. ನಮ್ಮ ರಾಜ್ಯದಲ್ಲಿ ಮದುವೆಗೋ, ಧರ್ಮಸ್ಥಳಕ್ಕೋ, ಆಸ್ಪತ್ರೆಗೋ ಇವುಗಳಲ್ಲಿ ಒಂದನ್ನು ಹತ್ತದ ಮಧ್ಯಮ ವರ್ಗದ ಕುಟುಂಬ ಸಿಗುವುದು ಕಷ್ಟ. ಸ್ವಂತ ಗಾಡಿ ಇಲ್ಲದವರೂ ಬಾಡಿಗೆಗೆ ಹಿಡಿದು ಕುಳಿತವರೇ.

ಈ ಚರಿತ್ರೆಯನ್ನು ಗಂಡಸರು ಹೇಳುವಾಗ ಎಂಜಿನ್ನಿನಿಂದ ಶುರುಮಾಡುತ್ತಾರೆ. ಎಷ್ಟು ಸಿ.ಸಿ., ಎಷ್ಟು ಮೈಲೇಜು, ಮಾರಿದರೆ ಎಷ್ಟು ಬರುತ್ತದೆ. ಅದೂ ಬೇಕಾದದ್ದೇ. ಆದರೆ ನಾನು ಈ ಕಥೆಯನ್ನು ಹಿಂದಿನ ಸಾಲಿನ ಸೀಟಿನಿಂದ ಹೇಳಬೇಕೆಂದಿದ್ದೇನೆ. ಕಾರಣ ಸರಳ. ನಾವು ಕುಳಿತದ್ದು ಅಲ್ಲಿ.

ನಮ್ಮ ಕುಟುಂಬಗಳಲ್ಲಿ ಗಾಡಿ ಹತ್ತುವುದಕ್ಕೂ ಒಂದು ಕ್ರಮವಿತ್ತು. ಮುಂದಿನ ಸೀಟು ಮನೆಯ ಯಜಮಾನರಿಗೆ, ಇಲ್ಲವೇ ದಾರಿ ಬಲ್ಲೆನೆಂದು ಹೇಳಿಕೊಳ್ಳುವ ಭಾವನವರಿಗೆ. ನಡುವಿನ ಸಾಲು ಅಳಿಯಂದಿರಿಗೆ, ಬೀಗರಿಗೆ. ಹಿಂದಿನ ಸಾಲು ಸೊಸೆಯಂದಿರಿಗೆ, ಮಕ್ಕಳಿಗೆ, ಪುಳಿಯೋಗರೆ ಡಬ್ಬಿಗೆ, ನೀರಿನ ಕ್ಯಾನಿಗೆ, ಬಟ್ಟೆಯ ಬ್ಯಾಗಿಗೆ. ಯಾರೂ ಇದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಊಟದ ಪಂಕ್ತಿಯಲ್ಲಿ ಹೆಂಗಸರು ಕೊನೆಗೆ ಕೂರುವಂತೆ ಇದೂ ತಾನೇ ತಾನಾಗಿ ನಡೆದುಹೋಗುತ್ತಿತ್ತು.

ಆ ಹಿಂದಿನ ಸಾಲಾದರೂ ಎಂಥದ್ದು? ತೊಂಬತ್ತರ ದಶಕದ ಜೀಪು, ಟ್ರ್ಯಾಕ್ಸು, 1994ರಲ್ಲಿ ಬಂದ ಟಾಟಾ ಸುಮೋಗಳನ್ನು ನೆನಪು ಮಾಡಿಕೊಳ್ಳಿ. ಹಿಂಬದಿಯಲ್ಲಿ ಎದುರುಬದುರಾಗಿ ಎರಡು ಬೆಂಚು. ಗಾಡಿ ಮುಂದಕ್ಕೆ ಹೋಗುತ್ತದೆ, ನಾವು ಅಡ್ಡಡ್ಡ ಕೂತಿರುತ್ತೇವೆ. ಕಿವಿಯ ಒಳಗೆ ದೇಹದ ಸಮತೋಲ ನೋಡಿಕೊಳ್ಳುವ ಅಂಗವೊಂದಿದೆ. ಅದು ಹೇಳುವ ಚಲನೆಗೂ ಕಣ್ಣಿಗೆ ಕಾಣುವ ನೋಟಕ್ಕೂ ತಾಳೆಯಾಗದಿದ್ದಾಗ ಹೊಟ್ಟೆ ತೊಳಸುತ್ತದೆ. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ನಿಂಬೆಹಣ್ಣು ಮೂಸುತ್ತಾ, ಪ್ಲಾಸ್ಟಿಕ್ ಚೀಲ ಹಿಡಿದು ಕೂತಿದ್ದವರೆಲ್ಲ ಹೆಂಗಸರೂ ಮಕ್ಕಳೂ ಆಗಿದ್ದುದಕ್ಕೆ ನಮ್ಮ ದುರ್ಬಲತೆ ಕಾರಣವೆಂದು ಮನೆಯವರು ತಿಳಿದಿದ್ದರು. ಆ ಯಜಮಾನರನ್ನೇ ಒಂದು ಸಲ ಅಡ್ಡ ಬೆಂಚಿನ ಮೇಲೆ ಕೂರಿಸಿದ್ದರೆ ಗೊತ್ತಾಗುತ್ತಿತ್ತು.

ಆ ದಶಕದ ಕೊನೆಯಲ್ಲಿ ಒಂದು ಮದುವೆಗೆ ಹೋಗುವಾಗ ನನ್ನ ಅಕ್ಕ ಅಂಥದೇ ಬೆಂಚಿನ ಮೇಲೆ ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕುಳಿತಿದ್ದಳು. ಗಾಡಿ ಯಾವ ಕಂಪನಿಯದೆಂಬುದು ಇಲ್ಲಿ ಬೇಕಿಲ್ಲ. ಎಮ್ಮೆಯೊಂದು ಅಡ್ಡ ಬಂತೆಂದು ಚಾಲಕ ಬ್ರೇಕ್ ಹಾಕಿದ. ಅಕ್ಕ ಮುಂದಿನ ಸೀಟಿನ ಕಂಬಿಗೆ ಹೋಗಿ ಬಡಿದಳು; ಮುಂಗೈ ಮುರಿಯಿತು. ಆಸ್ಪತ್ರೆಯಲ್ಲಿ ಪಟ್ಟಿ ಹಾಕಿಸಿಕೊಂಡು ಹೊರಬಂದಾಗ ಹಿರಿಯರೊಬ್ಬರು ಕೇಳಿದ ಮಾತು ಇಷ್ಟೇ: "ಗಟ್ಟಿಯಾಗಿ ಹಿಡ್ಕೊಂಡು ಕೂರಬಾರದಿತ್ತೇನಮ್ಮ?" ಹಿಡಿದುಕೊಳ್ಳಲು ಅಲ್ಲಿ ಏನಿತ್ತು ಎಂದು ಯಾರೂ ಕೇಳಲಿಲ್ಲ. ಬೆಲ್ಟು ಎಂಬ ಪದ ನಮ್ಮ ಪಾಲಿಗೆ ಆಗ ಶಾಲೆಯ ಮಕ್ಕಳ ಸೊಂಟಕ್ಕೆ ಮಾತ್ರ ಸೇರಿದ್ದಾಗಿತ್ತು.

ಇಂಥ ಕಾಲದಲ್ಲಿ ಬಂದದ್ದು ಕ್ವಾಲಿಸ್. ಅದರ ತಾಯಿಮನೆ ಇಂಡೋನೇಷ್ಯಾ. ಅಲ್ಲಿ 1977ರಲ್ಲಿ ಟೊಯೋಟಾ ಕಂಪನಿ 'ಕಿಜಾಂಗ್' ಎಂಬ ವಾಹನವನ್ನು ಹೊರತಂದಿತು. ಅವರ ಭಾಷೆಯಲ್ಲಿ ಕಿಜಾಂಗ್ ಎಂದರೆ ಒಂದು ಜಾತಿಯ ಜಿಂಕೆ. ನಮ್ಮ ಮಲೆನಾಡಿನಲ್ಲಿ ಕಾಡುಕುರಿ ಎನ್ನುತ್ತಾರಲ್ಲ, ಅದರ ಬಳಗದ್ದು. ಇಂಡೋನೇಷ್ಯಾ ಮತ್ತು ಜಪಾನಿನ ಸಹಕಾರ ಎಂಬ ಅರ್ಥದ ಮಾತುಗಳನ್ನು ಚುಟುಕುಗೊಳಿಸಿದರೂ ಇದೇ ಹೆಸರು ಬರುತ್ತದೆ. ಮೊದಲ ಕಿಜಾಂಗ್ ಸರಕು ಸಾಗಿಸುವ ಪಿಕಪ್ಪು. 1.2 ಲೀಟರಿನ ಸಣ್ಣ ಎಂಜಿನ್, ಚಪ್ಪಟೆ ತಗಡನ್ನು ಮಡಚಿ ಮಾಡಿದ ಮೈ. ಬಡ ದೇಶದಲ್ಲಿ ದುಬಾರಿ ಅಚ್ಚುಯಂತ್ರಗಳಿಲ್ಲದೆ ತಯಾರಿಸಲು ಆಗಬೇಕೆಂಬುದೇ ಅದರ ಉದ್ದೇಶ. ಅಲ್ಲಿಯ ಬಾಡಿ ಕಟ್ಟುವವರು ಅದಕ್ಕೆ ಹಿಂದೆ ಗೂಡು ಕಟ್ಟಿ, ಸೀಟು ಹಾಕಿ, ಸಂಸಾರದ ಗಾಡಿ ಮಾಡಿಕೊಂಡರು. 1981ರಲ್ಲಿ ಎರಡನೆಯ ತಲೆಮಾರು, 1986ರಲ್ಲಿ ಮೂರನೆಯದು ಬಂತು. ಹೀಗೆ ಮೂಟೆ ಹೊರಲು ಹುಟ್ಟಿದ ಗಾಡಿ ಮನುಷ್ಯರನ್ನು ಹೊರತೊಡಗಿತು. ಮೂಟೆಯ ಜಾಗದಲ್ಲಿ ಯಾರು ಕೂತರೆಂದು ನಾನು ಬೇರೆ ಹೇಳಬೇಕಿಲ್ಲ.

ಅದು ಬಿಡದಿಗೆ ಬಂದ ದಾರಿಯೂ ಸ್ವಾರಸ್ಯವಾಗಿದೆ. ಟೊಯೋಟಾ ಮನೆತನದ ಮೂಲಪುರುಷ ಸಕಿಚಿ ಟೊಯೋಡಾ ಒಬ್ಬ ಬಡಗಿಯ ಮಗ. ತಾಯಿ ಮಗ್ಗದ ಮುಂದೆ ಪಡುತ್ತಿದ್ದ ಪಾಡನ್ನು ನೋಡಿ, 1890ರಲ್ಲಿ ಹೆಚ್ಚು ಸುಲಭವಾಗಿ ನೇಯಬಲ್ಲ ಮರದ ಕೈಮಗ್ಗವೊಂದನ್ನು ರೂಪಿಸಿದರು. ನಂತರ ಯಂತ್ರಮಗ್ಗಗಳಾದವು. ಮಗ್ಗದ ಕಂಪನಿಯೊಳಗೇ 1933ರಲ್ಲಿ ಅವರ ಮಗ ಕಿಚಿರೋ ಮೋಟಾರು ವಿಭಾಗ ತೆರೆದರು. 1937ರಲ್ಲಿ ಅದು ಪ್ರತ್ಯೇಕ ಕಂಪನಿಯಾಯಿತು.

ಇತ್ತ ನಮ್ಮ ಕಿರ್ಲೋಸ್ಕರರ ಕಥೆಯೂ ಸಣ್ಣದಾಗಿಯೇ ಶುರುವಾದದ್ದು. ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು. ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂತು. ಈ ಬಳಗದವರೇ 1930ರಲ್ಲಿ ಮರಾಠಿಯಲ್ಲಿ 'ಸ್ತ್ರೀ' ಎಂಬ ಮಾಸಪತ್ರಿಕೆಯನ್ನೂ ಆರಂಭಿಸಿದ್ದರು. ಈ ಎರಡು ಮನೆತನಗಳು ಕೈಜೋಡಿಸಿದ್ದು ಕಾರಿನಿಂದಲ್ಲ, ಮತ್ತೆ ನೂಲಿನಿಂದಲೇ. 1995ರಲ್ಲಿ ಜವಳಿ ಯಂತ್ರಗಳ ಜಂಟಿ ಕಂಪನಿ, 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟರ್. ಕಿರ್ಲೋಸ್ಕರ್ ಕಡೆಯಿಂದ ಮುಂದಾಳಾಗಿ ನಿಂತವರು ಆ ಮನೆತನದ ನಾಲ್ಕನೆಯ ತಲೆಮಾರಿನ ವಿಕ್ರಮ್ ಕಿರ್ಲೋಸ್ಕರ್. ಬಿಡದಿಯ ಹೊಲಗಳ ನಡುವೆ ಕಾರ್ಖಾನೆ ಎದ್ದು, 2000ದ ಜನವರಿಯಲ್ಲಿ ಕ್ವಾಲಿಸ್ ಮಾರುಕಟ್ಟೆಗೆ ಬಂತು.

ಕ್ವಾಲಿಸ್ ನೋಡಲು ಚೆಂದವಿರಲಿಲ್ಲ. ಇಂಡೋನೇಷ್ಯಾದಲ್ಲಿ ಆಗಲೇ ಹಳೆಯದಾಗಿದ್ದ ಮೂರನೆಯ ತಲೆಮಾರಿನ ಕಿಜಾಂಗಿಗೆ ಸ್ವಲ್ಪ ಮೂಗು ಬಾಯಿ ತಿದ್ದಿ ತಂದದ್ದು ಅದು. ಕಾರುಗಳ ಬಗ್ಗೆ ಬರೆಯುವವರು ಮೂಗು ಮುರಿದರು. ಜನ ಮಾತ್ರ ಕೊಂಡರು. 2.4 ಲೀಟರಿನ ಡೀಸೆಲ್ ಎಂಜಿನ್ ಮೊಂಡು ಎತ್ತಿನಂತೆ ದುಡಿಯಿತು, ದಾರಿಯಲ್ಲಿ ಕೈಕೊಡಲಿಲ್ಲ. ಹತ್ತು ಮಂದಿಯ ಮಾದರಿಯಲ್ಲಿ ಹಿಂದೆ ಅದೇ ಎದುರುಬದುರು ಬೆಂಚಿತ್ತು. ಎಂಟು ಮಂದಿಯ ಮಾದರಿಯಲ್ಲಿ ಹಿಂದಿನ ಸಾಲು ಮುಂದಕ್ಕೆ ಮುಖ ಮಾಡಿತ್ತು. ಓದುವವರಿಗೆ ಇದು ಸಣ್ಣ ಸಂಗತಿ ಅನ್ನಿಸಬಹುದು. ಅಡ್ಡ ಕೂತು ಕೂತು ಕತ್ತು ನೋಯಿಸಿಕೊಂಡವರಿಗೆ, ಮೊದಲ ಬಾರಿ ರಸ್ತೆಯನ್ನು ನೇರವಾಗಿ ನೋಡುತ್ತಾ ಹೋಗುವುದು ಸಣ್ಣ ಸಂಗತಿಯಾಗಿರಲಿಲ್ಲ.

ಕ್ವಾಲಿಸ್ ಇನ್ನೊಂದು ಬಗೆಯ ಹೆಂಗಸರನ್ನೂ ಹೊತ್ತಿತು. ಅದೇ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಕಾಲ್‌ಸೆಂಟರುಗಳು ಬೆಳೆದವು. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೆಂಗಸರು ರಾತ್ರಿಪಾಳಿಯಲ್ಲಿ ದುಡಿಯುವುದನ್ನು ತಡೆದಿತ್ತು. ಸಾಫ್ಟ್‌ವೇರ್ ಮತ್ತು ಕಾಲ್‌ಸೆಂಟರ್ ಕಂಪನಿಗಳಿಗೆ 2000ದ ನಂತರದ ವರ್ಷಗಳಲ್ಲಿ ವಿನಾಯಿತಿ ಸಿಕ್ಕಿತು. ಮನೆಯಿಂದ ಕರೆತಂದು ಮನೆಗೆ ಮುಟ್ಟಿಸುವ ವ್ಯವಸ್ಥೆ ಇರಬೇಕೆಂಬುದು ಷರತ್ತು. ಹಾಗೆ ನಡುರಾತ್ರಿಯ ರಸ್ತೆಗಳಲ್ಲಿ ಬಿಳಿ ಕ್ವಾಲಿಸ್, ಸುಮೋಗಳ ಸಾಲು ಹುಟ್ಟಿಕೊಂಡಿತು. ತುಮಕೂರು, ಹಾಸನ, ಶಿವಮೊಗ್ಗಗಳಿಂದ ಡಿಗ್ರಿ ಮುಗಿಸಿ ಹೋದ ಹುಡುಗಿಯರು ಆ ಗಾಡಿಗಳಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡಿದರು, ಸಂಬಳ ಎಣಿಸಿದರು, ತಮ್ಮಂದಿರ ಫೀಸು ಕಟ್ಟಿದರು.

2005ರ ಡಿಸೆಂಬರಿನಲ್ಲಿ ಅಂಥ ಒಬ್ಬ ಹೆಣ್ಣುಮಗಳನ್ನು, ಕಚೇರಿಗೆ ಕರೆದೊಯ್ಯಲು ಬಂದವನಂತೆ ನಟಿಸಿದ ಚಾಲಕ ಅತ್ಯಾಚಾರ ಮಾಡಿ ಕೊಂದ. ಐದು ವರ್ಷಗಳ ನಂತರ, 2010ರಲ್ಲಿ, ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಆ ಸುದ್ದಿ ಬಂದ ವಾರ ಸಣ್ಣ ಊರುಗಳ ಎಷ್ಟೋ ಮನೆಗಳಲ್ಲಿ "ಕೆಲಸ ಬಿಟ್ಟು ಬಂದುಬಿಡು" ಎಂಬ ಫೋನು ಹೋಗಿತ್ತು. ಆಮೇಲೆ ಕ್ಯಾಬುಗಳಲ್ಲಿ ಕಾವಲುಗಾರ, ಮೊದಲು ಹತ್ತುವವಳೂ ಕೊನೆಗೆ ಇಳಿಯುವವಳೂ ಒಂಟಿ ಹೆಂಗಸಾಗಿರಬಾರದೆಂಬ ನಿಯಮ, ಚಾಲಕರ ಹಿನ್ನೆಲೆಯ ತಪಾಸಣೆ, ಇವೆಲ್ಲ ಬಿಗಿಯಾದವು. ಗಾಡಿ ಎಷ್ಟೇ ಗಟ್ಟಿಯಾಗಿರಲಿ, ಹಿಂದಿನ ಸೀಟಿನಲ್ಲಿ ಕೂತವಳ ಸುರಕ್ಷಿತತೆ ಬರಿಯ ತಗಡಿನಿಂದ ಬರುವುದಿಲ್ಲ ಎಂಬ ಪಾಠವನ್ನು ನಾವು ಕಲಿತದ್ದು ಆಗ.

ಕ್ವಾಲಿಸ್ ಚೆನ್ನಾಗಿ ಮಾರಾಟವಾಗುತ್ತಿರುವಾಗಲೇ ಕಂಪನಿ ಅದನ್ನು ನಿಲ್ಲಿಸಿತು. ಟ್ಯಾಕ್ಸಿ ಮಾಲೀಕರಿಗೆ ಇದು ನಂಬಲಾಗದ ಮಾತು. ಹಾಲು ಕೊಡುವ ಹಸುವನ್ನು ಯಾರಾದರೂ ಮಾರುತ್ತಾರೆಯೇ? 2005ರ ಆರಂಭದಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂತು. ಹಿಂದಿನ ವರ್ಷವಷ್ಟೇ ಇಂಡೋನೇಷ್ಯಾದಲ್ಲಿ ಬಿಡುಗಡೆಯಾಗಿದ್ದ ಹೊಚ್ಚ ಹೊಸ ಗಾಡಿ. ಈ ಸಲ ನಮಗೆ ಹಳೆಯ ಬಟ್ಟೆ ತೊಡಿಸಿರಲಿಲ್ಲ.

ಇನ್ನೋವಾದ ಅಡಿಪಾಯ ಹಳೆಯ ಬಗೆಯದೇ. ಎತ್ತಿನ ಗಾಡಿಯಲ್ಲಿ ಕೆಳಗೆ ಮರದ ಚೌಕಟ್ಟು, ಅದರ ಮೇಲೆ ಕೂರುವ ಪೆಟ್ಟಿಗೆ ಇರುತ್ತದಲ್ಲ, ಹಾಗೆ ಇಲ್ಲೂ ಏಣಿಯಾಕಾರದ ಉಕ್ಕಿನ ಚೌಕಟ್ಟಿನ ಮೇಲೆ ಮೈಯನ್ನು ಕೂರಿಸಿದ್ದಾರೆ. ಹಿಂದಿನ ಚಕ್ರಗಳು ಗಾಡಿಯನ್ನು ನೂಕುತ್ತವೆ. ಆದರೆ ಮೇಲಿನ ಪೆಟ್ಟಿಗೆಯೊಳಗೆ ಹೊಸ ಲೋಕವಿತ್ತು. 2.5 ಲೀಟರಿನ ಹೊಸ ಬಗೆಯ ಡೀಸೆಲ್ ಎಂಜಿನ್ನಿನ ಸದ್ದು ಕಡಿಮೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2750 ಮಿಲಿಮೀಟರು, ಆದ್ದರಿಂದ ಮಂಡಿ ಚಾಚಲು ಜಾಗ. ಎ.ಸಿ. ಮಾದರಿಗಳಲ್ಲಿ ಮಾಡಿನಿಂದಲೇ ಹಿಂದಿನ ಸಾಲಿಗೂ ತಂಪು ಗಾಳಿ ಬೀಳುವ ಕಿಂಡಿಗಳು. ಅಲ್ಲಿಯವರೆಗೆ ಎ.ಸಿ. ಎಂದರೆ ಮುಂದೆ ಕೂತವರಿಗೆ ಚಳಿ, ಹಿಂದೆ ಕೂತವರಿಗೆ ಬೆವರು. "ಸ್ವಲ್ಪ ಜಾಸ್ತಿ ಮಾಡಿ" ಎಂದು ಹಿಂದಿನಿಂದ ಕೇಳಲು ಸಂಕೋಚಪಡುತ್ತಿದ್ದ ಸೊಸೆಯಂದಿರಿಗೆ ತಮ್ಮ ತಲೆಯ ಮೇಲೆಯೇ ಒಂದು ಗಾಳಿಕಿಂಡಿ ಸಿಕ್ಕಿತು. ಅದನ್ನು ಬೇಕಾದಂತೆ ತಿರುಗಿಸಿಕೊಳ್ಳಬಹುದಿತ್ತು.

ಬಹುಬೇಗ ಇನ್ನೋವಾ ಎಂಬುದು ಒಂದು ಅಳತೆಗೋಲೇ ಆಗಿಬಿಟ್ಟಿತು. ಮಂತ್ರಿಗಳು ಅದರಲ್ಲಿ ಬಂದಿಳಿದರು, ಶಾಮಿಯಾನದವರೂ ಅದನ್ನೇ ಕೊಂಡರು. ಟ್ರಾವೆಲ್ಸಿನವನಿಗೆ ಫೋನು ಮಾಡಿದರೆ "ಇನ್ನೋವಾ ಬೇಕಾ, ಬೇರೆ ಆಗುತ್ತಾ?" ಎಂಬುದೇ ಮೊದಲ ಪ್ರಶ್ನೆ. ಕಿಲೋಮೀಟರಿಗೆ ಎರಡು ಮೂರು ರೂಪಾಯಿ ಹೆಚ್ಚು ಕೊಟ್ಟಾದರೂ ಇನ್ನೋವಾನೇ ಇರಲಿ ಎಂದು ಹೇಳುತ್ತಿದ್ದವರು ಮನೆಯ ವಯಸ್ಸಾದ ಹೆಂಗಸರು. ಮಂಡಿನೋವಿನ ಅತ್ತೆಯೊಬ್ಬರು ನಡುವಿನ ಸಾಲಿಗೆ ಬಡ್ತಿ ಪಡೆದದ್ದೂ ಈ ಕಾಲದಲ್ಲೇ. ಏಕೆಂದರೆ ಹಿಂದಿನ ಸಾಲಿಗೆ ಹೋಗಲು ನಡುವಿನ ಸೀಟು ಮಡಚಿ, ಬಗ್ಗಿ, ಸೀರೆ ನೆರಿಗೆ ಎತ್ತಿ ನುಸುಳಬೇಕಿತ್ತು. ಹಿಂದಿನ ಸಾಲಿನ ಈ ಬಾಗಿಲಿಲ್ಲದ ಬಾಳು ನಾಲ್ಕೂ ತಲೆಮಾರಿಗೆ ಹಾಗೆಯೇ ಉಳಿದಿದೆ.

ಸುರಕ್ಷಿತತೆಯ ಲೆಕ್ಕದಲ್ಲಿ ಮೊದಲ ಇನ್ನೋವಾ ಅರ್ಧ ದಾರಿ ಮಾತ್ರ ಬಂದಿತ್ತು. ಮೊದಲ ವರ್ಷಗಳಲ್ಲಿ ಏರ್‌ಬ್ಯಾಗು ಹೆಚ್ಚು ಬೆಲೆಯ ಮಾದರಿಗೆ ಮಾತ್ರ, ಅದೂ ಮುಂದೆ ಕೂತವರಿಗೆ. ಹಣವಿದ್ದವರ ಎದೆಗೆ ಮೆತ್ತೆ, ಇಲ್ಲದವರಿಗೆ ದೇವರು. ಸರಕಾರದ ನಿಯಮ ಬಂದದ್ದು ಬಹಳ ತಡವಾಗಿ. ಚಾಲಕನಿಗೆ ಏರ್‌ಬ್ಯಾಗು ಕಡ್ಡಾಯವಾದದ್ದು 2019ರಲ್ಲಿ, ಅವನ ಪಕ್ಕದವರಿಗೆ 2021ರಲ್ಲಿ.

ಹನ್ನೊಂದು ವರ್ಷದ ನಂತರ, 2016ರ ಮೇ ತಿಂಗಳಲ್ಲಿ, ಇನ್ನೋವಾ ಕ್ರಿಸ್ಟಾ ಬಂತು. ಏಣಿ ಚೌಕಟ್ಟು ಅದೇ, ಚಕ್ರಗಳ ಅಂತರ ಅಷ್ಟೇ. ಮೈ ಮಾತ್ರ ಉದ್ದವಾಯಿತು, ಮುಖಕ್ಕೆ ಠೀವಿ ಬಂತು. ಎಲ್ಲ ಮಾದರಿಗಳಿಗೂ ಕನಿಷ್ಠ ಮೂರು ಏರ್‌ಬ್ಯಾಗು, ಮೇಲಿನ ಮಾದರಿಗೆ ಏಳು. ಬೆಲೆ ಶುರುವಾಗುತ್ತಿದ್ದುದೇ ಹದಿಮೂರು ಲಕ್ಷ ಎಂಬತ್ತು ಸಾವಿರದ ಆಸುಪಾಸಿನಲ್ಲಿ. ಕೂಡುಕುಟುಂಬದ ಗಾಡಿಯೆಂದು ಹುಟ್ಟಿದ್ದು ನಿಧಾನವಾಗಿ ಸಿರಿವಂತರ ಗಾಡಿಯಾಗುತ್ತಿತ್ತು. ಹತ್ತು ಮಂದಿ ಒತ್ತಿಕೊಂಡು ಹೋಗುತ್ತಿದ್ದ ಜಾಗದಲ್ಲಿ ನಾಲ್ಕು ಮಂದಿ ಆರಾಮವಾಗಿ ಕೂತರು. ಮನೆಗಳಲ್ಲಿ ಅಷ್ಟೊಂದು ಜನರೂ ಉಳಿದಿರಲಿಲ್ಲವೆನ್ನಿ. ಗಾಡಿ ಅಗಲವಾಗುತ್ತಾ ಹೋದ ಹಾಗೆ ಸಂಸಾರ ಕಿರಿದಾಗುತ್ತಾ ಹೋಯಿತು.

ಡೀಸೆಲ್ಲಿನ ಹೊಗೆಯೂ ಆಗ ಲೆಕ್ಕಕ್ಕೆ ಬಂತು. ದೆಹಲಿಯ ಗಾಳಿ ಉಸಿರಾಡಲಾರದಷ್ಟು ಕೆಟ್ಟಿತೆಂದು ಸುಪ್ರೀಂ ಕೋರ್ಟು 2015ರ ಡಿಸೆಂಬರಿನಲ್ಲಿ 2000 ಸಿ.ಸಿ. ಮತ್ತು ಅದಕ್ಕೂ ಮೇಲ್ಪಟ್ಟ ಎಂಜಿನ್ನಿನ ಹೊಸ ಡೀಸೆಲ್ ಕಾರುಗಳ ನೋಂದಣಿಯನ್ನು ಆ ಪ್ರದೇಶದಲ್ಲಿ ತಡೆಯಿತು. ಇನ್ನೋವಾ ಆ ಲೆಕ್ಕದೊಳಗೇ ಬರುತ್ತಿತ್ತು. 2016ರ ಆಗಸ್ಟಿನಲ್ಲಿ ಶೇಕಡಾ 1ರಷ್ಟು ಪರಿಸರ ಶುಲ್ಕ ವಿಧಿಸಿ ತಡೆ ತೆಗೆದರು. ಅದೇ ತಿಂಗಳು ಕಂಪನಿ 2.7 ಲೀಟರಿನ ಪೆಟ್ರೋಲ್ ಕ್ರಿಸ್ಟಾವನ್ನೂ ತಂದಿತು. ಡೀಸೆಲ್ ಅಗ್ಗವೆಂಬ ಒಂದೇ ಲೆಕ್ಕದ ಮೇಲೆ ನಿಂತಿದ್ದ ವಂಶ ಬೇರೆ ದಾರಿ ಹುಡುಕಲೇಬೇಕಾದ ಹೊತ್ತು ಅದು.

ಆ ದಾರಿಯೇ ಹೈಕ್ರಾಸ್. ಹೆಸರಿನ ಮೊದಲ ಅರ್ಧ ಹೈಬ್ರಿಡ್ ಎಂಬುದರಿಂದ, ಎರಡನೆಯ ಅರ್ಧ ಕ್ರಾಸ್‌ಓವರ್ ಎಂಬುದರಿಂದ ಬಂದದ್ದು. ಕ್ರಾಸ್‌ಓವರ್ ಎಂಬ ಮಾತನ್ನು ಷೋರೂಮಿನವರು ಒಂದು ಮಂತ್ರದಂತೆ ಹೇಳುತ್ತಾರೆ. ಅರ್ಥ ಕಷ್ಟದ್ದಲ್ಲ. ಹೇಸರಗತ್ತೆಯನ್ನು ನೆನೆದುಕೊಳ್ಳಿ, ಕುದುರೆಯ ನಡಿಗೆ, ಕತ್ತೆಯ ತಾಳಿಕೆ. ಹಾಗೆ ನೋಟದಲ್ಲಿ ಜೀಪಿನ ಎತ್ತರ, ಒಳಗೆ ಕಾರಿನ ಮೈಕಟ್ಟು. ಜಪಾನಿನಲ್ಲಿ 1994ರಲ್ಲಿ ಬಂದ ಟೊಯೋಟಾದ ರಾವ್4, 1995ರಲ್ಲಿ ಬಂದ ಹೋಂಡಾದ ಸಿಆರ್‌ವಿ ಈ ಜಾತಿಯ ಹಿರಿಯಕ್ಕಂದಿರು.

2022ರ ನವೆಂಬರ್ 25ರಂದು ಹೈಕ್ರಾಸನ್ನು ಅನಾವರಣ ಮಾಡಿದರು. ನಾಲ್ಕೇ ದಿನಕ್ಕೆ, 29ರಂದು, ವಿಕ್ರಮ್ ಕಿರ್ಲೋಸ್ಕರ್ ತೀರಿಕೊಂಡರು. ಅವರಿಗೆ ಅರವತ್ನಾಲ್ಕು ವರ್ಷ. ಕ್ವಾಲಿಸ್‌ನಿಂದ ಹೈಕ್ರಾಸ್‌ವರೆಗೆ ನಾಲ್ಕೂ ತಲೆಮಾರನ್ನು ಕಂಡು, ಕೊನೆಯದರ ಪ್ರಯಾಣಕ್ಕೆ ಮೊದಲೇ ಹೊರಟುಹೋದರು.

ಹೈಕ್ರಾಸ್‌ನಲ್ಲಿ ಬದಲಾದದ್ದು ಬುಡವೇ. ಏಣಿ ಚೌಕಟ್ಟು ಹೋಯಿತು. ಗಡಿಗೆಗೆ ಒಳಗೆ ಕಂಬವಿಲ್ಲ, ತೊಲೆಯಿಲ್ಲ. ಅದರ ಗೋಡೆಯೇ ಅದರ ಬಲ. ಹಾಗೆ ಮೈ, ನೆಲ, ಮಾಡು ಎಲ್ಲ ಸೇರಿ ಒಂದೇ ಗೂಡಾಗಿ ಭಾರ ಹೊರುವ ಕಟ್ಟಡ ಇದು. ಗಾಡಿಯನ್ನು ಎಳೆಯುವುದು ಮುಂದಿನ ಚಕ್ರಗಳು. ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಉದ್ದನೆಯ ಶಾಫ್ಟು ನೆಲದ ಕೆಳಗೆ ಇಲ್ಲ. ಅದರಿಂದ ಕಾಲಿಡುವ ನೆಲ ತಗ್ಗಿತು. ಚಕ್ರಗಳ ಅಂತರ 2850 ಮಿಲಿಮೀಟರಿಗೆ, ಅಂದರೆ ಮುಕ್ಕಾಲು ಗೇಣಿನಷ್ಟಲ್ಲದಿದ್ದರೂ ಅರ್ಧ ಗೇಣಿನಷ್ಟು ಹೆಚ್ಚಿತು; ಆ ಜಾಗದ ಒಂದು ಪಾಲು ಹಿಂದಿನ ಸಾಲಿನ ಮಂಡಿಗಳಿಗೆ ಸಿಕ್ಕಿತು. ಸೀರೆ ಉಟ್ಟು ಗಾಡಿ ಹತ್ತುವವರಿಗೆ ಮೆಟ್ಟಿಲು ಎಷ್ಟು ಎತ್ತರ ಎಂಬುದು ಎಷ್ಟು ಅಶ್ವಶಕ್ತಿ ಎಂಬುದಕ್ಕಿಂತ ದೊಡ್ಡ ಪ್ರಶ್ನೆ.

ಹೈಬ್ರಿಡ್ ಎಂದರೇನೆಂದು ಶಾಲೆಯ ಮಕ್ಕಳು ಕೇಳುತ್ತಾರೆ. ಅನ್ನ ಬಸಿದ ಗಂಜಿಯನ್ನು ನಮ್ಮ ತಾಯಂದಿರು ಚೆಲ್ಲುತ್ತಿರಲಿಲ್ಲ. ಹತ್ತಿ ಸೀರೆಗೆ ಹಾಕುತ್ತಿದ್ದರು. ಮಾಮೂಲಿ ಗಾಡಿ ಬ್ರೇಕು ಒತ್ತಿದಾಗ ತನ್ನ ವೇಗವನ್ನೆಲ್ಲ ಬಿಸಿ ಮಾಡಿ ಗಾಳಿಗೆ ಚೆಲ್ಲುತ್ತದೆ. ಹೈಬ್ರಿಡ್ ಗಾಡಿ ಅದರಲ್ಲಿ ಒಂದಿಷ್ಟನ್ನು ಹಿಡಿದು ವಿದ್ಯುತ್ತಾಗಿಸಿ ಬ್ಯಾಟರಿಗೆ ತುಂಬಿಕೊಂಡು, ನಿಧಾನವಾಗಿ ಹೋಗುವಾಗ ಅದರಿಂದಲೇ ಓಡುತ್ತದೆ. ಗೋಡೆಗೆ ಪ್ಲಗ್ಗು ಚುಚ್ಚಬೇಕಿಲ್ಲ. 2 ಲೀಟರಿನ ಪೆಟ್ರೋಲ್ ಎಂಜಿನ್ನೂ ವಿದ್ಯುತ್ ಮೋಟಾರೂ ಅತ್ತೆ ಸೊಸೆಯರು ಹೊಂದಿಕೊಂಡ ಮನೆಯಂತೆ ಕೆಲಸ ಹಂಚಿಕೊಳ್ಳುತ್ತವೆ. ಲೀಟರಿಗೆ 23.24 ಕಿಲೋಮೀಟರು ಎಂಬುದು ಪರೀಕ್ಷಾಲಯದ ಪ್ರಮಾಣಪತ್ರದ ಅಂಕಿ. ನಮ್ಮ ಗುಂಡಿ ಬಿದ್ದ ರಸ್ತೆಯಲ್ಲಿ ಅದಕ್ಕಿಂತ ಕಡಿಮೆಯೇ ಎಂದಿಟ್ಟುಕೊಳ್ಳಿ. ಹೈಕ್ರಾಸ್‌ನಲ್ಲಿ ಡೀಸೆಲ್ ಇಲ್ಲವೇ ಇಲ್ಲ. ಡೀಸೆಲ್ ಬೇಕೆಂದವರಿಗಾಗಿ 2023ರಲ್ಲಿ ಕ್ರಿಸ್ಟಾವನ್ನೇ ಮತ್ತೆ ಕರೆತಂದರು.

2025ರಲ್ಲಿ ಭಾರತದ್ದೇ ಆದ ಅಪಘಾತ ಪರೀಕ್ಷೆಯಲ್ಲಿ ಹೈಕ್ರಾಸ್‌ಗೆ ಐದು ನಕ್ಷತ್ರ ಸಿಕ್ಕಿತು. ಆ ಪರೀಕ್ಷೆಯಲ್ಲಿ ದೊಡ್ಡವರಿಗೊಂದು ಅಂಕ, ಮಕ್ಕಳಿಗೆ ಬೇರೆಯೇ ಒಂದು ಅಂಕ. ಮಕ್ಕಳ ಗಾತ್ರದ ಬೊಂಬೆಗಳನ್ನು ಹಿಂದಿನ ಸೀಟಿನಲ್ಲಿ ಕಟ್ಟಿ ಕೂರಿಸಿ, ಗಾಡಿಯನ್ನು ಗುದ್ದಿಸಿ ನೋಡುತ್ತಾರೆ. ಹಿಂದೆ ಕೂತವರಿಗೆ ಏನಾಗುತ್ತದೆ ಎಂದು ಯಾರೋ ಕುಳಿತು ಅಳೆದು ಬರೆಯುತ್ತಿದ್ದಾರೆಂಬ ಸಂಗತಿಯೇ ನನಗೆ ದೊಡ್ಡದಾಗಿ ಕಂಡಿತು.

ಆದರೆ ಅಳತೆ ಅವರದಾದರೆ, ಅಭ್ಯಾಸ ನಮ್ಮದು. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಹೆದ್ದಾರಿಯ ಅಪಘಾತದಲ್ಲಿ ತೀರಿಕೊಂಡಾಗ ಅವರು ಕೂತಿದ್ದುದು ಬೆಲೆಬಾಳುವ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟು ಹಾಕದೆ. ಹಿಂದೆ ಕೂತವರೂ ಬೆಲ್ಟು ಹಾಕಬೇಕೆಂಬ ನಿಯಮ ಅದಕ್ಕೂ ಬಹಳ ಮೊದಲೇ ಇತ್ತು. ದೇಶಕ್ಕೆ ನೆನಪಾದದ್ದು ಆಗ. ನಮ್ಮ ಮದುವೆ ಗಾಡಿಗಳನ್ನು ನೋಡಿ. ಹಿಂದಿನ ಸಾಲಿನ ಬೆಲ್ಟಿನ ಕೊಂಡಿ ಸೀಟಿನ ಸಂದಿಯೊಳಗೆ ಹೂತುಹೋಗಿರುತ್ತದೆ, ಅದರ ಮೇಲೆ ಟವೆಲ್ಲು ಹಾಸಿರುತ್ತಾರೆ. ರೇಷ್ಮೆ ಸೀರೆ ಸುಕ್ಕಾಗುತ್ತದೆಂದು ನಾವೇ ಹಾಕುವುದಿಲ್ಲ. ಮಗುವನ್ನು ಮಡಿಲಲ್ಲಿ ಹಿಡಿದರೆ ಸಾಕೆನ್ನುತ್ತೇವೆ. ಗಂಟೆಗೆ ಐವತ್ತು ಕಿಲೋಮೀಟರು ವೇಗದಲ್ಲಿ ಗಾಡಿ ಗುದ್ದಿ ನಿಂತರೆ ಹತ್ತು ಕಿಲೋ ತೂಕದ ಮಗುವನ್ನು ಯಾವ ತಾಯಿಯ ತೋಳೂ ಹಿಡಿದಿಡಲಾರದು. ಇದು ಪ್ರೀತಿಯ ಮಾತಲ್ಲ, ಎಂಟನೆಯ ತರಗತಿಯ ವಿಜ್ಞಾನ.

ಇನ್ನೊಂದು ಬದಲಾವಣೆಯನ್ನು ಹೇಳದಿದ್ದರೆ ಈ ಚರಿತ್ರೆ ಅಪೂರ್ಣ. ಹೈಕ್ರಾಸ್‌ನಲ್ಲಿ ಕ್ಲಚ್ಚಿಲ್ಲ, ಗೇರು ತಾನೇ ಹೊಂದಿಕೊಳ್ಳುತ್ತದೆ. ನನ್ನ ಸಹೋದ್ಯೋಗಿಯೊಬ್ಬರ ಸೊಸೆ ಕಳೆದ ಬೇಸಿಗೆಯಲ್ಲಿ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ತಾನೇ ಹೊರನಾಡಿಗೆ ಓಡಿಸಿಕೊಂಡು ಹೋಗಿಬಂದಳು. ಅತ್ತೆ ಮುಂದೆ ಕೂತು ದಾರಿಯುದ್ದಕ್ಕೂ ಕಡಲೆಕಾಯಿ ಸುಲಿದು ಸೊಸೆಯ ಬಾಯಿಗಿಟ್ಟರಂತೆ. ಮಾವ ಹಿಂದಿನ ಸಾಲಿನಲ್ಲಿ. ಮೊದಲ ತಿರುವಿನಲ್ಲೇ ಅವರು "ಸ್ವಲ್ಪ ನಿಧಾನ ಹೋಗಮ್ಮ, ಹೊಟ್ಟೆ ತೊಳಸ್ತಾ ಇದೆ" ಎಂದರಂತೆ. ನಾವು ಸ್ಟಾಫ್ ರೂಮಿನಲ್ಲಿ ಇದನ್ನು ಕೇಳಿ ನಕ್ಕ ನಗು ಪಕ್ಕದ ತರಗತಿಗೆ ಕೇಳಿಸಿತು.

ಎಲ್ಲರಿಗೂ ಈ ಭಾಗ್ಯವಿಲ್ಲ. 2022ರಲ್ಲಿ ಹೈಕ್ರಾಸ್‌ನ ಆರಂಭದ ಬೆಲೆಯೇ 18.30 ಲಕ್ಷ. ಒಬ್ಬ ಶಿಕ್ಷಕಿಯ ಎಷ್ಟು ವರ್ಷದ ಸಂಬಳವೆಂದು ಲೆಕ್ಕ ಹಾಕುತ್ತಾ ಕೂರುವುದು ಬೇಡ. ಹಳ್ಳಿಗಳ ಕಡೆ ಇಂದಿಗೂ ಕೂಲಿಗೆ ಹೋಗುವ ಹೆಂಗಸರು ಗೂಡ್ಸ್ ಗಾಡಿಯ ತೊಟ್ಟಿಯಲ್ಲಿ ನಿಂತುಕೊಂಡೇ ಹೋಗುತ್ತಾರೆ. ಅವರ ಪಾಲಿಗೆ 1977ರ ಕಿಜಾಂಗ್ ಇನ್ನೂ ಪಿಕಪ್ಪಾಗಿಯೇ ಉಳಿದಿದೆ. ಇತ್ತ ಬಿಡದಿಯಲ್ಲಿ ಕಂಪನಿ 2007ರಲ್ಲಿ ಹಳ್ಳಿ ಮಕ್ಕಳಿಗಾಗಿ ತೆರೆದ ತರಬೇತಿ ಶಾಲೆಗೆ ಈಚಿನ ವರ್ಷಗಳಲ್ಲಿ ಹುಡುಗಿಯರನ್ನೂ ಸೇರಿಸಿಕೊಳ್ಳುತ್ತಿದ್ದಾರೆ. ಹತ್ತನೆಯ ತರಗತಿ ಮುಗಿಸಿದ ನಮ್ಮ ಹುಡುಗಿಯರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ. ಗಾಡಿ ಕಟ್ಟುವವರಲ್ಲಿ ಹೆಂಗಸರಿದ್ದರೆ ಹಿಂದಿನ ಸಾಲಿಗೆ ಹತ್ತುವ ದಾರಿ ಇಷ್ಟು ಇಕ್ಕಟ್ಟಾಗಿ ಉಳಿಯುತ್ತಿರಲಿಲ್ಲವೆಂಬುದು ನನ್ನ ಗುಮಾನಿ.

ಐದನೆಯ ತಲೆಮಾರೂ ಬಂದೀತು. ಅದು ಪೂರ್ತಿ ವಿದ್ಯುತ್ತಿನದಾದರೂ ಆಗಬಹುದು. ಮನೆಯವರು ಗಾಡಿ ನೋಡಲು ಹೊರಟಾಗ ನೀವೂ ಜೊತೆಗೆ ಹೋಗಿ. ಗಂಡಸರು ಬಾನೆಟ್ಟು ಎತ್ತಿ ನೋಡುತ್ತಿರಲಿ. ನೀವು ಸೀರೆ ಉಟ್ಟುಕೊಂಡೇ ಹಿಂದಿನ ಸಾಲಿಗೆ ಹತ್ತಿ ಐದು ನಿಮಿಷ ಕುಳಿತುಕೊಳ್ಳಿ. ಮಂಡಿ ತಾಗುತ್ತದೆಯೇ, ಗಾಳಿ ಬರುತ್ತದೆಯೇ, ಬೆಲ್ಟಿನ ಕೊಂಡಿ ಕೈಗೆ ಸಿಗುತ್ತದೆಯೇ, ತಲೆಗೆ ಆಸರೆ ಇದೆಯೇ ನೋಡಿ. ಮೈಲೇಜಿನ ಮಾತು ಆಮೇಲೆ.